ನೌಕೆಯ ಕೊನೆಯ ಕಾವಲು: ಶೀಘ್ರಗುಂಡಿನ ತೋಪುಗಳ ರಚನಾವಿಚಾರ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಎಂದಿನಂತೆ ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ನಾಲ್ಕು ಪುಟಗಳನ್ನು ಬರೆದು ಒಪ್ಪಿಸುವುದೆಂದೇ ನಾನು ಎಣಿಸಿದ್ದೆನು. ಆದರೆ ಕಳೆದ ಜಾತ್ರೆಯ ಕಾಲದಲ್ಲಿ ಶ್ರೀಮಠಕ್ಕೆ ಬಂದಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ದಾಸೋಹದ ಪಂಕ್ತಿಯಿಂದೆದ್ದು ಬಂದು ನನ್ನ ಬಳಿ ಕುಳಿತರು. ಅವರು ಭಾರತೀಯ ನೌಕಾಪಡೆಯ ತೋಪುಗಾರಿಕೆಯ ವಿಭಾಗದಲ್ಲಿ ಬಹುವರ್ಷ ದುಡಿದು ನಿವೃತ್ತರಾದವರು. ತಾವು ಆಯುಷ್ಯದ ಅರ್ಧಭಾಗವನ್ನು ಯಾವ ಯಂತ್ರದ ಪಕ್ಕದಲ್ಲಿ ಕಳೆದರೋ ಆ ಯಂತ್ರದ ವಿಚಾರವನ್ನು ತಮ್ಮ ಮನೆಯವರಿಗೆ ಕನ್ನಡದಲ್ಲಿ ತಿಳಿಸಿಹೇಳಲು ತಮಗೆ ಮಾತುಗಳೇ ಒದಗಲಿಲ್ಲವೆಂದು ಅವರು ನೊಂದು ನುಡಿದರು. ಕನ್ನಡ ಕಲಿಸಿದವನು ನಾನು. ಮಾತು ಒದಗದಿದ್ದರೆ ಅದರಲ್ಲಿ ನನ್ನ ಪಾಲೂ ಉಂಟಷ್ಟೆ. ಆ ಋಣವನ್ನು ತೀರಿಸುವ ಸಲುವಾಗಿ, ಅವರಿಂದ ಕೇಳಿದುದನ್ನೂ ಅನಂತರ ನಾನೇ ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆ ಯಂತ್ರಕ್ಕೆ ಕನ್ನಡದಲ್ಲಿ ನಿಕಟರಕ್ಷಣಾ ತೋಪು ಎಂದು ಹೆಸರಿಡಬಹುದು. ಶತ್ರುವಿನ ಕ್ಷಿಪಣಿಯು ದೂರದ ಎಲ್ಲ ರಕ್ಷಣೆಗಳನ್ನೂ ದಾಟಿ ನೌಕೆಯಿಂದ ಒಂದೆರಡು ಕಿಲೋಮೀಟರುಗಳಷ್ಟು ಸಮೀಪಕ್ಕೆ ಬಂದಾಗ, ಕ್ಷಣಾರ್ಧದಲ್ಲಿ ನೂರಾರು ಗುಂಡುಗಳನ್ನು ಕಾರಿ ಅದನ್ನು ನಡುದಾರಿಯಲ್ಲಿಯೇ ಹೊಡೆದುರುಳಿಸುವುದು ಇದರ ಕೆಲಸ. ಇದು ಊರ ಕೋಟೆಯ ಬಾಗಿಲಲ್ಲ, ಮಲಗುವ ಕೋಣೆಯ ಅಗುಳಿ.

ಇಂಥದೊಂದು ತೋಪಿನ ಆವಶ್ಯಕತೆಯು ಲೋಕಕ್ಕೆ ಮನದಟ್ಟಾದ ದಿನವನ್ನು ಖಚಿತವಾಗಿ ಹೇಳಬಹುದು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಪೋರ್ಟ್ ಸೈಯದ್ ಬಂದರಿನ ಹೊರಗೆ ಇಸ್ರೇಲಿನ ಐಲಾತ್ ಎಂಬ ವಿಧ್ವಂಸಕ ನೌಕೆಯನ್ನು ಈಜಿಪ್ಟಿನ ಸಣ್ಣ ದೋಣಿಗಳು ಸೋವಿಯೆತ್ ದೇಶದ ಸ್ಟಿಕ್ಸ್ ಕ್ಷಿಪಣಿಗಳಿಂದ ಹೊಡೆದು ಮುಳುಗಿಸಿದುವು. ನೂರಾರು ಜನ ನಾವಿಕರ ದೊಡ್ಡ ಹಡಗನ್ನು ಬೆರಳೆಣಿಕೆಯ ಜನರಿದ್ದ ದೋಣಿಯು ಕ್ಷಿಪಣಿಯಿಂದ ಕೊಂದುದು ಅದೇ ಮೊದಲು. ನಾಲ್ಕೇ ವರ್ಷಗಳ ಅನಂತರ, 1971ರ ಡಿಸೆಂಬರ್ 4ರ ರಾತ್ರಿ, ನಮ್ಮ ನೌಕಾಪಡೆಯ ನಿರ್ಘಾತ, ನಿಪಾತ, ವೀರ ಎಂಬ ಕ್ಷಿಪಣಿ ದೋಣಿಗಳು ಕರಾಚಿಯ ಸಮೀಪಕ್ಕೆ ನುಗ್ಗಿ ಅದೇ ಬಗೆಯ ಕ್ಷಿಪಣಿಗಳನ್ನು ಪ್ರಯೋಗಿಸಿದುವು. ಹೆಸರುಗಳ ಸೊಗಸನ್ನು ಗಮನಿಸಿರಿ. ಸಿಡಿಲಿನ ಬಡಿತಕ್ಕೆ ಸಂಸ್ಕೃತದಲ್ಲಿ ನಿರ್ಘಾತವೆಂದು ಹೆಸರು. ಪಾಕಿಸ್ತಾನದ ಖೈಬರ್ ನೌಕೆಯವರು ತಮ್ಮತ್ತ ಬರುತ್ತಿದ್ದ ಬೆಂಕಿಯ ಬೆಳಕನ್ನು ವಿಮಾನವೆಂದೇ ಬಗೆದು, ವಿಮಾನ ಹೊಡೆಯುವ ತೋಪುಗಳನ್ನು ಅದರತ್ತ ತಿರುಗಿಸಿ ಗುಂಡು ಹಾರಿಸಿದರು. ಕಣ್ಣಿನಿಂದ ಗುರಿ ಹಿಡಿದು ಕೈಯಿಂದ ತಿರುಗಿಸುವ ತೋಪಿಗೆ ಆ ವೇಗವು ನಿಲುಕುವಂತಹುದಾಗಿರಲಿಲ್ಲ. ಖೈಬರ್ ಮುಳುಗಿತು. ಗೆದ್ದವರು ನಾವಾದುದರಿಂದ ಈ ಕಥೆಯನ್ನು ಅಭಿಮಾನದಿಂದ ಹೇಳುತ್ತೇವೆ. ಆದರೆ ನಾಳೆ ಅದೇ ಕ್ಷಿಪಣಿಯು ನಮ್ಮ ಹಡಗಿನತ್ತ ತಿರುಗಿದರೆ ಗತಿಯೇನು ಎಂಬ ಪ್ರಶ್ನೆಯೂ ಆ ಗೆಲುವಿನಲ್ಲಿಯೇ ಅಡಗಿತ್ತು.

ಈಗ ಕಾಲದ ಲೆಕ್ಕವನ್ನು ನೋಡೋಣ. ಈ ವಿಷಯದಲ್ಲಿ ಎಲ್ಲವೂ ನಿಂತಿರುವುದು ಕಾಲದ ಮೇಲೆ. ಭೂಮಿಯು ದುಂಡಗಿರುವುದರಿಂದ, ನೀರಿಗೆ ಮೂರು ಮೀಟರ್ ಮೇಲೆ ಹಾರುತ್ತ ಬರುವ ಕ್ಷಿಪಣಿಯು, ಹಡಗಿನಲ್ಲಿ 15 ಮೀಟರ್ ಎತ್ತರದಲ್ಲಿ ಕೂರಿಸಿದ ರಾಡಾರಿನ ಕಣ್ಣಿಗೆ ಬೀಳುವುದು ಹೆಚ್ಚೆಂದರೆ 23 ಕಿಲೋಮೀಟರ್ ದೂರದಲ್ಲಿ. ಫ್ರಾನ್ಸ್ ದೇಶದ ಎಕ್ಸೊಸೆಟ್ ಕ್ಷಿಪಣಿಯು ಸೆಕೆಂಡಿಗೆ ಸುಮಾರು 300 ಮೀಟರುಗಳಂತೆ ಬರುವುದು. ಕಂಡ ಕ್ಷಣದಿಂದ ತಾಗುವ ಕ್ಷಣದವರೆಗೆ ದೊರೆಯುವುದು ಒಂದೂಕಾಲು ನಿಮಿಷ ಮಾತ್ರ. ಅದು ಕ್ಷಿಪಣಿಯೋ, ಹಕ್ಕಿಯ ಹಿಂಡೋ, ಅಲೆಯ ತುಂತುರೋ, ನಮ್ಮದೇ ವಿಮಾನವೋ ಎಂದು ನಿಶ್ಚಯಿಸುವುದರಲ್ಲಿ ಅದರ ಬಹುಭಾಗವು ಕಳೆದುಹೋಗುತ್ತದೆ. ಈ ತೋಪುಗಳ ಗುಂಡು ಪರಿಣಾಮಕಾರಿಯಾಗುವುದು ಒಂದೂವರೆ ಕಿಲೋಮೀಟರಿನ ಒಳಗೆ. ಅರ್ಧ ಕಿಲೋಮೀಟರಿಗಿಂತ ಸಮೀಪದಲ್ಲಿ ಹೊಡೆದರೆ ಒಡೆದ ಚೂರುಗಳೇ ಹಡಗಿಗೆ ಬಡಿಯುತ್ತವೆ. ಹೀಗಾಗಿ ನಡುವಣ ಒಂದು ಕಿಲೋಮೀಟರನ್ನು ಕ್ಷಿಪಣಿಯು ದಾಟುವ ಮೂರು ಸೆಕೆಂಡುಗಳೇ ತೋಪಿನ ಪಾಲಿನ ಅವಧಿ. ನಮ್ಮ ದೇಶವೂ ರಷ್ಯವೂ ಕೂಡಿ ನಿರ್ಮಿಸಿರುವ ಬ್ರಹ್ಮೋಸ್‌ನಂತಹ, ಶಬ್ದಕ್ಕಿಂತ ಎರಡು ಮೂರು ಪಟ್ಟು ವೇಗವಾಗಿ ಬರುವ ಕ್ಷಿಪಣಿಯಾದರೆ ಆ ಮೂರು ಸೆಕೆಂಡು ಒಂದಕ್ಕೆ ಇಳಿಯುವುದು. ಶಿಷ್ಯನ ಹೆಸರನ್ನು ಕೂಗಿ ಅವನು ತಲೆಯೆತ್ತುವಷ್ಟು ಹೊತ್ತು.

ಅಷ್ಟರಲ್ಲಿ ಅಷ್ಟೊಂದು ಗುಂಡುಗಳೇಕೆ ಬೇಕು, ಸರಿಯಾಗಿ ಗುರಿಯಿಟ್ಟ ಒಂದು ಗುಂಡು ಸಾಲದೇ ಎಂದು ಕೇಳುವವರುಂಟು. ನಾನೂ ಕೇಳಿದೆನು. ಅದಕ್ಕೆ ಉತ್ತರ ಗಣಿತದಲ್ಲಿದೆ. ಗಣಿತದ ಉಪಾಧ್ಯಾಯರು ಇದನ್ನು ಮಕ್ಕಳಿಂದ ಮಾಡಿಸಿ ನೋಡಬಹುದು. ಎಷ್ಟೇ ನಿಷ್ಕೃಷ್ಟವಾದ ತೋಪಾದರೂ ಅದರ ಗುಂಡುಗಳೆಲ್ಲವೂ ಒಂದೇ ರಂಧ್ರದಲ್ಲಿ ತೂರುವುದಿಲ್ಲ. ಸಾವಿರ ಮೀಟರ್ ದೂರದಲ್ಲಿ ಅವು ಒಂದು ಮೀಟರ್ ತ್ರಿಜ್ಯದ ವೃತ್ತದೊಳಗೆ ಸಮನಾಗಿ ಹರಡುತ್ತವೆಯೆಂದು ಇಟ್ಟುಕೊಳ್ಳೋಣ. ಆ ವೃತ್ತದ ವಿಸ್ತೀರ್ಣವು ಮೂರು ಚದರ ಮೀಟರಿಗಿಂತ ತುಸು ಹೆಚ್ಚು. ಮುಖಾಮುಖಿಯಾಗಿ ಬರುವ ಎಕ್ಸೊಸೆಟ್ ಕ್ಷಿಪಣಿಯ ವ್ಯಾಸ ಸುಮಾರು 35 ಸೆಂಟಿಮೀಟರ್, ಎಂದರೆ ನಮ್ಮ ಅಡಿಗೆಮನೆಯ ಬೋಗುಣಿಯ ಬಾಯಿಯಷ್ಟು. ವೃತ್ತದಲ್ಲಿ ಅದು ಆಕ್ರಮಿಸುವ ಪಾಲು 33ರಲ್ಲಿ ಒಂದು. ಆದುದರಿಂದ ಗುರಿಯು ಸಂಪೂರ್ಣ ಸರಿಯಾಗಿದ್ದರೂ ಸಹ 33 ಗುಂಡುಗಳಿಗೆ ಒಂದು ತಾಗುವುದು. ದೂರವು ಇಮ್ಮಡಿಯಾದರೆ ವಿಸ್ತೀರ್ಣವು ನಾಲ್ಮಡಿಯಾಗಿ 130 ಗುಂಡುಗಳಿಗೆ ಒಂದು. ದೂರವು ಅರ್ಧವಾದರೆ ಎಂಟಕ್ಕೆ ಒಂದು. ಸೆಕೆಂಡಿಗೆ ಹತ್ತು ಗುಂಡು ಹಾರಿಸುವ ಹಳೆಯ ಏಕನಳಿಕೆಯ ತೋಪು ಮೂರು ಸೆಕೆಂಡುಗಳಲ್ಲಿ ಒಂದು ಗುಂಡನ್ನು ತಾಗಿಸಿದರೆ ಪುಣ್ಯ. ಸೆಕೆಂಡಿಗೆ 75 ಗುಂಡು ಹಾರಿಸುವ ತೋಪು ಏಳೆಂಟನ್ನು ತಾಗಿಸಬಲ್ಲುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಗುಂಡುಗಳು ಆದಷ್ಟು ಒತ್ತಾಗಿ ಹೋಗಲಿ ಎಂದು ಬಯಸುವುದು ಸಹಜ. ಆದರೆ ತೀರ ಒತ್ತಾಗಿದ್ದು ಗುರಿಯು ಒಂದು ಮೊಳ ತಪ್ಪಿತೆಂದರೆ ಎಲ್ಲ ಗುಂಡುಗಳೂ ಒಟ್ಟಿಗೇ ತಪ್ಪುತ್ತವೆ. ತುಸು ಚೆದರಿದ್ದರೆ ಗುರಿಯ ತಪ್ಪನ್ನು ಆ ಚೆದರುವಿಕೆಯೇ ಮುಚ್ಚಿಕೊಡುತ್ತದೆ. ಆದುದರಿಂದ ಚೆದರುವಿಕೆಯು ದೋಷವೂ ಹೌದು, ಗುಣವೂ ಹೌದು. ರಾಡಾರ್ ಚುರುಕಾದಂತೆಲ್ಲ ಒತ್ತಾಗಿ ಹೊಡೆಯುವುದು ಲಾಭಕರವಾಗುತ್ತ ಬರುವುದು. ಅಮೆರಿಕದವರು ತಮ್ಮ ತೋಪಿನ ಇತ್ತೀಚಿನ ಮಾದರಿಗೆ ಉದ್ದವಾದ ಹೊಸ ನಳಿಕೆಗಳನ್ನು ತೊಡಿಸಿದುದು ಇದಕ್ಕಾಗಿಯೇ. ಖಾಂಡವದಹನದಲ್ಲಿ ಇಂದ್ರನ ಮಳೆಯು ಕೆಳಗೆ ಬೀಳದಂತೆ ಅರ್ಜುನನು ಬಾಣಗಳ ಚಪ್ಪರವನ್ನೇ ಹೆಣೆದ ಪ್ರಸಂಗವನ್ನು ಪಾಠ ಹೇಳುವಾಗ, ಇದು ಕವಿಯ ಅತಿಶಯೋಕ್ತಿಯೆಂದು ನಾನು ಮೂವತ್ತು ವರ್ಷ ಹೇಳಿದ್ದೇನೆ. ಇನ್ನು ಮುಂದೆ ಅಷ್ಟು ಧೈರ್ಯವಾಗಿ ಹೇಳಲಾರೆನು.

ಸೆಕೆಂಡಿಗೆ 75 ಗುಂಡುಗಳನ್ನು ಒಂದೇ ನಳಿಕೆಯಿಂದ ಹಾರಿಸಿದರೆ ಅದು ಕೆಂಪಗೆ ಕಾದು ಸೊರಗಿಹೋಗುವುದು. ಇದಕ್ಕೆ ಪರಿಹಾರವನ್ನು ಕಂಡವರು ಅಮೆರಿಕದ ರಿಚರ್ಡ್ ಗ್ಯಾಟ್ಲಿಂಗ್ ಎಂಬುವರು, 1862ರಷ್ಟು ಹಿಂದೆಯೇ. ವೈದ್ಯಶಾಸ್ತ್ರವನ್ನು ಓದಿದ್ದ ಈತನು, ಒಬ್ಬನೇ ನೂರು ಜನರ ಕೆಲಸ ಮಾಡುವ ಬಂದೂಕು ಬಂದರೆ ಸೈನ್ಯಗಳು ಚಿಕ್ಕವಾಗಿ, ಯುದ್ಧದಲ್ಲಿಯೂ ರೋಗದಲ್ಲಿಯೂ ಸಾಯುವವರ ಸಂಖ್ಯೆ ಕಡಿಮೆಯಾಗುವುದೆಂದು ನಂಬಿದ್ದನು. ಆ ನಂಬಿಕೆಯ ಗತಿ ಏನಾಯಿತೆಂಬುದನ್ನು ಇತಿಹಾಸದ ಉಪಾಧ್ಯಾಯರು ಬಲ್ಲರು. ಯಂತ್ರವಂತೂ ಉಳಿಯಿತು. ಹಲವು ನಳಿಕೆಗಳನ್ನು ಕಟ್ಟಾಗಿ ಜೋಡಿಸಿ ತಿರುಗಿಸುವುದು, ಮೇಲೆ ಬಂದ ನಳಿಕೆ ಸಿಡಿಯುವಾಗ ಉಳಿದವು ತುಂಬಿಕೊಳ್ಳುತ್ತಲೂ ತಣಿಯುತ್ತಲೂ ಇರುವುದು, ಇದೇ ಅದರ ತತ್ತ್ವ. ನಿಮಿಷಕ್ಕೆ 4500 ಗುಂಡು ಹಾರಿಸುವ ಆರು ನಳಿಕೆಯ ತೋಪಿನಲ್ಲಿ ಒಂದೊಂದು ನಳಿಕೆಯ ಪಾಲಿಗೆ ಬರುವುದು 750 ಮಾತ್ರ. ನಮ್ಮ ನೇಕಾರರ ರಾಟೆಯನ್ನು ನೋಡಿದವರಿಗೆ ಇದು ಕಷ್ಟವಲ್ಲ.

ಆದರೆ ರಾಟೆಯನ್ನು ತಿರುಗಿಸುವವರಾರು? ಇಲ್ಲಿ ಅಮೆರಿಕದವರ ದಾರಿಯೂ ಸೋವಿಯೆತ್ ದೇಶದವರ ದಾರಿಯೂ ಕವಲೊಡೆದುವು. ಅಮೆರಿಕದ ಫ್ಯಾಲ್ಯಾಂಕ್ಸ್ ತೋಪಿನಲ್ಲಿ ನಳಿಕೆಗಳ ಕಟ್ಟನ್ನು ಹೊರಗಿನ ಶಕ್ತಿಯು ತಿರುಗಿಸುವುದು. ಮೊದಲಲ್ಲಿ ಎಣ್ಣೆಯ ಒತ್ತಡದಿಂದ, ಅನಂತರ ಗಾಳಿಯ ಒತ್ತಡದಿಂದ. ಇದರ ಗುಣವೆಂದರೆ, ಒಂದು ಗುಂಡು ಸಿಡಿಯದೆ ಹುಸಿಯಾದರೂ ಯಂತ್ರವು ನಿಲ್ಲದೆ ಅದನ್ನು ಹೊರಕ್ಕೆಸೆದು ಮುಂದಿನದನ್ನು ಹಿಡಿಯುವುದು. ಇದರ ದೋಷವೆಂದರೆ, ಹೊರಗಿನ ಶಕ್ತಿಯ ಸರಂಜಾಮಿನ ಭಾರ, ಮತ್ತು ನಿಂತ ಕಟ್ಟು ಪೂರ್ಣವೇಗಕ್ಕೇರಲು ಬೇಕಾಗುವ ಕ್ಷಣಾಂಶ. ಸೋವಿಯೆತ್ ಎಕೆ-630 ತೋಪಿನಲ್ಲಿ ಹಾರಿದ ಗುಂಡಿನ ಹಿಂದಣ ಹೊಗೆಯ ಒತ್ತಡವೇ ಕಟ್ಟನ್ನು ತಿರುಗಿಸುತ್ತದೆ. ತನ್ನ ಬೆಂಕಿಯಿಂದ ತಾನೇ ನಡೆಯುವ ಯಂತ್ರವದು. ಹೊರಗಿನ ಹಂಗಿಲ್ಲ, ಭಾರ ಕಡಿಮೆ, ವೇಗಕ್ಕೆ ಏರುವುದು ಶೀಘ್ರ. ಆದರೆ ಅದರ ಅದುರುವಿಕೆ ಹೆಚ್ಚು, ಕಾವು ಹೆಚ್ಚು. ನಳಿಕೆಗಳ ಸುತ್ತ ನೀರಿನ ಕವಚವನ್ನೇ ತೊಡಿಸಬೇಕಾಯಿತು.

ಇನ್ನು ಗುಂಡಿನ ಗಾತ್ರ. ನನ್ನಂತಹವನಿಗೆ ಈ ಭಾಗವೇ ಬಹು ಸ್ವಾರಸ್ಯವಾಗಿ ಕಂಡಿತು. ಏಕೆಂದರೆ ಇದು ಕಂದಪದ್ಯ ಕಟ್ಟುವವನ ಸಂಕಟವೇ ಆಗಿದೆ. ಮೊದಲ ಸಾಲಿಗೆ ಹನ್ನೆರಡು ಮಾತ್ರೆಗಳೆಂದು ಗೊತ್ತು. ಅಲ್ಲಿ ಒಂದು ಉದ್ದನೆಯ ಸಂಸ್ಕೃತಪದವನ್ನು ಪ್ರೀತಿಯಿಂದ ಕೂರಿಸಿದರೆ, ಉಳಿದ ಪದಗಳು ಎದ್ದು ಜಾಗ ಬಿಡಬೇಕು. ಹಡಗಿನ ಮೇಲ್ತಟ್ಟಿನ ತೂಕವೂ ಹಾಗೆಯೇ ಗೊತ್ತಾದ ಮಾತ್ರೆ. ಎತ್ತರದಲ್ಲಿ ಭಾರ ಹೆಚ್ಚಿದರೆ ಹಡಗು ಓಲಾಡುವುದು.

ಅಮೆರಿಕದವರು 20 ಮಿಲಿಮೀಟರಿನ ಗುಂಡನ್ನು ಆರಿಸಿದರು. ಯುದ್ಧವಿಮಾನಗಳಿಗಾಗಿ ಆಗಲೇ ಸಿದ್ಧವಾಗಿದ್ದ ವಲ್ಕನ್ ತೋಪು ಕೈಯಲ್ಲಿದ್ದುದರಿಂದ ಹೊಸದಾಗಿ ತಯಾರಿಸುವ ಗೋಜಿರಲಿಲ್ಲ. ರಾಡಾರ್, ಗಣಕ, ತೋಪು, ಗುಂಡಿನ ಪೀಪಾಯಿ ಎಲ್ಲವೂ ಒಂದೇ ಪೀಠದ ಮೇಲೆ. ಒಟ್ಟು ತೂಕ ಆರು ಟನ್ನಿನ ಆಸುಪಾಸು. ಹಡಗಿನ ತಟ್ಟನ್ನು ಕೊರೆಯಬೇಕಾಗಿಲ್ಲ. ಮೊಳೆಬಿಗಿದು, ವಿದ್ಯುತ್ತನ್ನೂ ತಣಿಸುವ ನೀರನ್ನೂ ಕೊಟ್ಟರೆ ಸಾಕು. 1980ರಲ್ಲಿ ಕೋರಲ್ ಸೀ ಎಂಬ ವಿಮಾನವಾಹಕ ನೌಕೆಯ ಮೇಲೆ ಇದು ಮೊದಲು ಏರಿತು. ಈ ಸುಲಭತ್ವದ ಬೆಲೆ 1982ರಲ್ಲಿ ತಿಳಿಯಿತು. ಆ ವರ್ಷ ಮೇ 4ರಂದು ಫಾಕ್ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ನೌಕೆಗೆ ಅರ್ಜೆಂಟೀನದ ವಿಮಾನವು ಬಿಟ್ಟ ಎಕ್ಸೊಸೆಟ್ ತಾಗಿ 20 ಜನರು ಮಡಿದರು. ಬ್ರಿಟಿಷರ ಯಾವ ಹಡಗಿನಲ್ಲಿಯೂ ಆಗ ಇಂತಹ ತೋಪಿರಲಿಲ್ಲ. ಅವಸರದಲ್ಲಿ ಸಮುದ್ರಕ್ಕಿಳಿದ ಅವರ ಇಲಸ್ಟ್ರಿಯಸ್ ನೌಕೆಗೆ ಅದೇ ವರ್ಷ ಎರಡು ಫ್ಯಾಲ್ಯಾಂಕ್ಸ್‌ಗಳನ್ನು ತಂದು ಬಿಗಿದರು. ತಟ್ಟನ್ನು ಕೊರೆಯಬೇಕಾದ ತೋಪಾಗಿದ್ದರೆ ಅದು ಆಗುತ್ತಿರಲಿಲ್ಲ.

ಹಾಲೆಂಡಿನವರ ಗೋಲ್‌ಕೀಪರ್ ತೋಪು ಇದಕ್ಕೆ ಎದುರು ದಿಕ್ಕಿನದು. ಟ್ಯಾಂಕುಗಳನ್ನು ಒಡೆಯುವ ಎ-10 ವಿಮಾನಕ್ಕಾಗಿ ನಿರ್ಮಿತವಾದ ಏಳು ನಳಿಕೆಯ 30 ಮಿಲಿಮೀಟರ್ ತೋಪನ್ನೇ ಅವರು ನೌಕೆಗೆ ತಂದರು. 20 ಮಿಲಿಮೀಟರಿನ ಸಾಮಾನ್ಯ ಗುಂಡು ಸುಮಾರು 100 ಗ್ರಾಂ ತೂಗಿದರೆ 30ರ ಗುಂಡು ಅದರ ಮೂರು ನಾಲ್ಕು ಪಟ್ಟು ತೂಗುವುದು. ಭಾರವಾದ ಗುಂಡು ಗಾಳಿಯಲ್ಲಿ ವೇಗವನ್ನು ಬೇಗ ಕಳೆದುಕೊಳ್ಳುವುದಿಲ್ಲ. ಇನ್ನಷ್ಟು ದೂರದಲ್ಲಿಯೇ, ಇನ್ನಷ್ಟು ಬಲವಾಗಿ ಹೊಡೆಯುವುದು. ಆದರೆ ತೂಕವು ಹತ್ತು ಟನ್ನನ್ನು ಮುಟ್ಟುವುದು. ಗುಂಡಿನ ಉಗ್ರಾಣವು ತಟ್ಟಿನ ಕೆಳಗೆ ಇಳಿಯಬೇಕು. ಹಡಗನ್ನು ಕಟ್ಟುವಾಗಲೇ ಇದಕ್ಕೆ ಜಾಗವನ್ನು ಎಣಿಸಿಡಬೇಕು. ಉಗ್ರಾಣವು ಕೆಳಗಿರುವುದರಲ್ಲಿ ಒಂದು ಒಳ್ಳೆಯದೂ ಇದೆ: ತುಂಬುವವರು ಮೇಲೆ ಬಯಲಿನಲ್ಲಿ ನಿಂತು ತುಂಬಬೇಕಾಗಿಲ್ಲ.

ಉಗ್ರಾಣದ ಮಾತು ಬಂದುದರಿಂದ ಇನ್ನೊಂದು ಲೆಕ್ಕ. ಫ್ಯಾಲ್ಯಾಂಕ್ಸ್‌ನ ಪೀಪಾಯಿಯಲ್ಲಿ 1550 ಗುಂಡುಗಳು. ಪೂರ್ಣವೇಗದಲ್ಲಿ ಅದು ಬರಿದಾಗಲು ಸುಮಾರು 20 ಸೆಕೆಂಡು. ಗೋಲ್‌ಕೀಪರಿನಲ್ಲಿ 1190, ನಿಮಿಷಕ್ಕೆ 4200ರಂತೆ 17 ಸೆಕೆಂಡು. ಎಕೆ-630ರಲ್ಲಿ 2000, ನಿಮಿಷಕ್ಕೆ 5000ದಂತೆ 24 ಸೆಕೆಂಡು. ಇಷ್ಟು ದೊಡ್ಡ ಯಂತ್ರದ ಸಮಸ್ತ ಶಕ್ತಿಯೂ ಅರ್ಧ ನಿಮಿಷದೊಳಗೆ ಮುಗಿಯುವಂತಹುದು. ಆಮೇಲೆ ಅದು ಕಬ್ಬಿಣದ ಬೊಂಬೆ. ಒಂದೊಂದು ಕ್ಷಿಪಣಿಗೆ ಎರಡು ಮೂರು ಸೆಕೆಂಡುಗಳಂತೆ ಖರ್ಚು ಮಾಡಿದರೆ ಆರೇಳು ಕ್ಷಿಪಣಿಗಳಿಗೆ ಸಾಕು. ವೇಗವನ್ನು ಹೆಚ್ಚಿಸಿದರೆ ತಾಗುವ ಸಂಭವ ಹೆಚ್ಚು, ಬಾಳಿಕೆ ಕಡಿಮೆ. ದಾಸೋಹದ ಕಣಜವನ್ನು ನೋಡಿಕೊಳ್ಳುವವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಗುಂಡಿನ ಗುಣದಲ್ಲಿಯೂ ಎರಡು ಪಕ್ಷಗಳಿವೆ. ಸೋವಿಯೆತ್ ಪಕ್ಷವು ಸಿಡಿದು ಚೂರಾಗುವ ಗುಂಡನ್ನು ನೆಚ್ಚಿತು. ಅಮೆರಿಕದ ಪಕ್ಷವು ಸಿಡಿಮದ್ದೇ ಇಲ್ಲದ, ಟಂಗ್‌ಸ್ಟನ್ ಎಂಬ ಭಾರಲೋಹದ ಮೊನೆಯನ್ನು ನೆಚ್ಚಿತು. ಕಾರಣ ಹೀಗಿದೆ: ಕ್ಷಿಪಣಿಯ ರೆಕ್ಕೆಯನ್ನೋ ಮೂತಿಯನ್ನೋ ಮುರಿದರೆ ಅದು ದಾರಿ ತಪ್ಪುವುದು ನಿಜ, ಆದರೆ ಅದು ಆಗಲೇ ಐನೂರು ಮೀಟರಿನಷ್ಟು ಸಮೀಪದಲ್ಲಿದ್ದರೆ, ಮುರಿದ ಮೇಲೂ ಹಿಂದಿನ ವೇಗದಲ್ಲಿಯೇ ಮುಂದಕ್ಕೆ ಬರುವುದು. ಕಡಿದ ಮರವು ಕಡಿದವನ ಮೇಲೆಯೇ ಬೀಳುವಂತೆ. ಅದನ್ನು ತಡೆಯಬೇಕಾದರೆ ಅದರ ಒಳಗಿನ ಸಿಡಿತಲೆಯನ್ನೇ ಭೇದಿಸಿ ಆಕಾಶದಲ್ಲಿ ಸಿಡಿಸಬೇಕು. ಅದಕ್ಕೆ ತೂರಿಹೋಗುವ ಮೊನೆ ಬೇಕು. ಈ ಭಯವು ಕಾಲ್ಪನಿಕವಲ್ಲ. 1983ರ ಫೆಬ್ರವರಿ 10ರಂದು ಅಮೆರಿಕದ ಆಂಟ್ರಿಮ್ ನೌಕೆಯು ಅಭ್ಯಾಸಕ್ಕೆಂದು ಬಿಟ್ಟ ಚಾಲಕರಹಿತ ಗುರಿವಿಮಾನವನ್ನು ಫ್ಯಾಲ್ಯಾಂಕ್ಸ್‌ನಿಂದ ಹೊಡೆಯಿತು. ಗುಂಡು ತಾಗಿತು. ಆದರೆ ಮುರಿದ ವಿಮಾನದ ಅವಶೇಷವು ನೀರಿಗೆ ಬಡಿದು ಪುಟಿದು ಹಡಗಿಗೇ ಬಂದು ತಾಗಿ, ಬೆಂಕಿ ಹತ್ತಿ, ಹಡಗಿನಲ್ಲಿದ್ದ ಸೈನಿಕೇತರ ಶಿಕ್ಷಕರೊಬ್ಬರು ತೀರಿಕೊಂಡರು. ತೋಪು ತನ್ನ ಕೆಲಸವನ್ನು ಮಾಡಿತ್ತು. ಸತ್ತವರು ನಮ್ಮಂತೆ ಪಾಠ ಹೇಳುವವರು.

ರಾಡಾರನ್ನು ತೋಪಿನ ಜೊತೆಯಲ್ಲಿಯೇ ಇರಿಸಬೇಕೋ ಬೇರೆಡೆಯಲ್ಲಿ ಇರಿಸಬೇಕೋ ಎಂಬುದು ಮತ್ತೊಂದು ವಿವಾದ. ಫ್ಯಾಲ್ಯಾಂಕ್ಸ್‌ನ ಬಿಳಿಯ ಗುಮ್ಮಟದೊಳಗೆ ಹುಡುಕುವ ರಾಡಾರೂ ಬೆನ್ನಟ್ಟುವ ರಾಡಾರೂ ತೋಪಿನ ನೆತ್ತಿಯ ಮೇಲೆಯೇ ಇವೆ. ಆ ರಾಡಾರ್ ಬರುವ ಕ್ಷಿಪಣಿಯನ್ನೂ ಹೋಗುವ ಗುಂಡುಗಳನ್ನೂ ಒಟ್ಟಿಗೆ ನೋಡಿ, ಇವೆರಡರ ನಡುವಣ ಅಂತರವನ್ನು ಅಳೆದು, ಆ ಅಂತರವು ಶೂನ್ಯವಾಗುವವರೆಗೂ ತೋಪನ್ನು ತಾನೇ ತಿದ್ದುತ್ತಿರುತ್ತದೆ. ಮಗುವಿನ ಕೈಬರಹವನ್ನು ಗುರುವು ಹಿಡಿದು ತಿದ್ದಿದಂತೆ. ಭೇದವೆಂದರೆ ಇಲ್ಲಿ ಗುರುವೂ ಶಿಷ್ಯನೂ ಒಂದೇ ಯಂತ್ರ. ಎಕೆ-630ರಲ್ಲಿ ತೋಪು ಒಂದು ಕಡೆ, ವಿಂಪೆಲ್ ಎಂಬ ರಾಡಾರ್ ಇನ್ನೊಂದು ಕಡೆ. ಇದರಿಂದ ತೋಪು ಹಗುರ; ಗುಂಡುಗಳನ್ನು ಬಿಟ್ಟರೆ ಎರಡು ಟನ್ನಿನೊಳಗೆ. ಒಂದು ರಾಡಾರ್ ಎರಡು ತೋಪುಗಳನ್ನು ನಡೆಸಬಲ್ಲುದು. ಆದರೆ ಅಲೆಗಳ ಹೊಡೆತಕ್ಕೆ ಹಡಗಿನ ಒಡಲೇ ಕೂದಲೆಳೆಯಷ್ಟು ಬಾಗುವುದು. ಕಣ್ಣಿರುವ ಜಾಗಕ್ಕೂ ಕೈಯಿರುವ ಜಾಗಕ್ಕೂ ದೂರವಿದ್ದಷ್ಟೂ ಆ ಬಾಗುವಿಕೆಯು ಗುರಿಯನ್ನು ಕೆಡಿಸುವುದು. ಕಣ್ಣು ಹೋಯಿತೆಂದರೆ ಎರಡು ಕೈಗಳೂ ಹೋದಂತೆ.

ನಮ್ಮ ನೌಕಾಪಡೆಯು ಆರಿಸಿಕೊಂಡುದು ಈ ಎಕೆ-630ನ್ನೇ. ಅಗ್ಗ, ಹಗುರ, ಒಂದು ಹಡಗಿಗೆ ಎರಡು ನಾಲ್ಕನ್ನು ಕೂರಿಸಬಹುದು. ತಿರುಚಿರಾಪಳ್ಳಿಯ ಕಾರ್ಖಾನೆಯಲ್ಲಿ ಇದು ತಯಾರಾಗುತ್ತಿದೆ. ಇದಕ್ಕೆ ಕಣ್ಣಾಗುವ ರಾಡಾರನ್ನು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು ಲಿಂಕ್ಸ್ ಎಂಬ ಹೆಸರಿನಿಂದ ನಿರ್ಮಿಸುತ್ತಾರೆ. ಕಾರವಾರದ ಕದಂಬ ನೌಕಾನೆಲೆಯನ್ನು ತಮ್ಮ ತವರಾಗಿ ಉಳ್ಳ ವಿಕ್ರಮಾದಿತ್ಯದಂತಹ ಹಡಗುಗಳ ಅಂಚಿನಲ್ಲಿ ಮೊಂಡು ಮೂತಿಯ ಈ ತೋಪುಗಳಿವೆ. ಘಟ್ಟದ ಮೇಲಿನ ನಾವು ಸಮುದ್ರವನ್ನು ಬೇರೆಯವರ ವಿಷಯವೆಂದು ತಿಳಿದಿದ್ದೇವೆ. ಅದು ಅಷ್ಟು ಸರಿಯಲ್ಲ.

ಗುಂಡುಗಳ ಸಂಖ್ಯೆಯನ್ನು ನೆಚ್ಚದೆ ಗುಂಡಿನ ಬುದ್ಧಿಯನ್ನು ನೆಚ್ಚಿದವರೂ ಉಂಟು. ಓರ್ಲಿಕಾನ್ ಸಂಸ್ಥೆಯ ಮಿಲೆನಿಯಮ್ ತೋಪಿಗೆ ನಳಿಕೆ ಒಂದೇ, 35 ಮಿಲಿಮೀಟರಿನದು. ನಿಮಿಷಕ್ಕೆ ಸಾವಿರ ಗುಂಡು ಮಾತ್ರ. ಆದರೆ ಪ್ರತಿಯೊಂದು ಗುಂಡಿನ ಹೊಟ್ಟೆಯಲ್ಲಿಯೂ 3.3 ಗ್ರಾಂ ತೂಕದ 152 ಟಂಗ್‌ಸ್ಟನ್ ಕಾಳುಗಳಿವೆ. ಗುಂಡು ನಳಿಕೆಯ ಬಾಯನ್ನು ದಾಟುವಾಗ ಅದರ ವೇಗವನ್ನು ಅಳೆದು, ಇಷ್ಟು ಹೊತ್ತಿನ ಮೇಲೆ ಬಿಚ್ಚಿಕೊಳ್ಳು ಎಂದು ಅದರ ಕಿವಿಯಲ್ಲಿ ಊದಿ ಕಳುಹಿಸಲಾಗುತ್ತದೆ. ಕ್ಷಿಪಣಿಯ ಮುಂದೆ ಅದು ಬಿಚ್ಚಿಕೊಂಡು ಕಾಳುಗಳ ಮೋಡವಾಗುವುದು. ಹೆಚ್ಚು ದೂರ, ಕಡಿಮೆ ಗುಂಡು. ಆದರೆ ಒಂದೊಂದು ಗುಂಡೂ ಒಂದು ಸಣ್ಣ ಗಡಿಯಾರ, ಬೆಲೆಯೂ ಹಾಗೆಯೇ. ಕಾಳಿನಷ್ಟು ಹಗುರವಾದುದು ದಪ್ಪ ಚರ್ಮದ ಸಿಡಿತಲೆಯನ್ನು ಭೇದಿಸಲಾರದೆಂಬ ಆಕ್ಷೇಪವೂ ಇದೆ. ಇನ್ನು ಕೆಲವರು ತೋಪನ್ನೇ ತೆಗೆದುಹಾಕಿ, ಫ್ಯಾಲ್ಯಾಂಕ್ಸ್‌ನ ಅದೇ ಪೀಠದ ಮೇಲೆ ಹನ್ನೊಂದು ಚಿಕ್ಕ ಕ್ಷಿಪಣಿಗಳ ಪೆಟ್ಟಿಗೆಯನ್ನು ಕೂರಿಸಿದ್ದಾರೆ. ಅಸ್ತ್ರಕ್ಕೆ ಪ್ರತ್ಯಸ್ತ್ರ. ವೇಗದ ಕ್ಷಿಪಣಿಗಳ ಮುಂದೆ ಗುಂಡಿನ ಕಾಲ ಮುಗಿಯಿತೆಂದು ಅವರ ವಾದ.

ಇಷ್ಟೆಲ್ಲ ಹೇಳಿದ ಮೇಲೆಯೂ ಮುಖ್ಯವಾದುದನ್ನು ಹೇಳಿದಂತಾಗಲಿಲ್ಲ. ಮೂರು ಸೆಕೆಂಡಿನ ಕೆಲಸವನ್ನು ಮನುಷ್ಯನಿಗೆ ಬಿಟ್ಟರೆ ಅದು ಆಗದು. ಆದುದರಿಂದ ಹುಡುಕುವುದು, ನಿಶ್ಚಯಿಸುವುದು, ಹೊಡೆಯುವುದು ಎಲ್ಲವನ್ನೂ ಯಂತ್ರವೇ ಮಾಡುವಂತೆ ಫ್ಯಾಲ್ಯಾಂಕ್ಸನ್ನು ರಚಿಸಿದ್ದಾರೆ. ಆದರೆ ಯಂತ್ರಕ್ಕೆ ಆ ಅಧಿಕಾರವನ್ನು ಕೊಡುವ ಕೀಲಿಯು ಮನುಷ್ಯನ ಕೈಯಲ್ಲಿದೆ. ಯಾವಾಗ ಕೊಡಬೇಕು? ಇದಕ್ಕೆ ಯಾವ ಗಣಿತವೂ ಇಲ್ಲ.

1987ರ ಮೇ 17ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಟಾರ್ಕ್ ನೌಕೆಗೆ ಇರಾಕಿನ ವಿಮಾನವು ಬಿಟ್ಟ ಎರಡು ಎಕ್ಸೊಸೆಟ್‌ಗಳು ತಾಗಿದುವು. 37 ನಾವಿಕರು ಸತ್ತರು. ಹಡಗಿನಲ್ಲಿ ಫ್ಯಾಲ್ಯಾಂಕ್ಸ್ ಇತ್ತು; ಕೆಟ್ಟಿರಲಿಲ್ಲ. ಅದಕ್ಕೆ ತಾನಾಗಿ ಹೊಡೆಯುವ ಅಪ್ಪಣೆಯನ್ನು ಕೊಟ್ಟಿರಲಿಲ್ಲ. ಇರಾಕ್ ಆಗ ಅಮೆರಿಕಕ್ಕೆ ಶತ್ರುವಾಗಿರಲಿಲ್ಲವಾದುದರಿಂದ, ಬರುತ್ತಿದ್ದ ವಿಮಾನದ ಮೇಲೆ ಯಾರಿಗೂ ಸಂದೇಹವಿರಲಿಲ್ಲ. ಆ ಜಾತಿಯ ಹಡಗಿನಲ್ಲಿ ತೋಪು ಇರುವುದು ಹಿಂಭಾಗದ ಹೆಲಿಕಾಪ್ಟರ್ ಮನೆಯ ಮೇಲೆ. ಹಡಗಿನ ಸ್ವಂತ ಕಟ್ಟಡವೇ ಅದಕ್ಕೆ ಮುಂದಿನ ದಿಕ್ಕನ್ನು ಮರೆಮಾಡುವುದು. ಅದನ್ನು ಅಲ್ಲಿ ಇರಿಸಿದವರು ಮುಂಭಾಗದಲ್ಲಿ ಬೇರೆ ಆಯುಧಕ್ಕೆ ಜಾಗ ಬೇಕೆಂದು ಇರಿಸಿದರು. 2006ರ ಜುಲೈ 14ರಂದು ಲೆಬನಾನಿನ ಕರಾವಳಿಯಲ್ಲಿ ಇಸ್ರೇಲಿನ ಹನಿತ್ ನೌಕೆಗೂ ಹೀಗೆಯೇ ಆಯಿತು. ಶತ್ರುವಿನ ಬಳಿ ಅಂತಹ ಕ್ಷಿಪಣಿಯಿದೆಯೆಂದು ಹಡಗಿನವರಿಗೆ ತಿಳಿದಿರಲಿಲ್ಲ. ಸುತ್ತ ತಮ್ಮದೇ ವಿಮಾನಗಳು ಹಾರಾಡುತ್ತಿದ್ದುವು. ರಕ್ಷಣಾ ವ್ಯವಸ್ಥೆಯನ್ನು ಚಾಲನೆಯಲ್ಲಿ ಇರಿಸಿರಲಿಲ್ಲ. ನಾಲ್ವರು ತೀರಿಕೊಂಡರು.

ಹಾಗಾದರೆ ಸದಾ ಅಪ್ಪಣೆ ಕೊಟ್ಟೇ ಇಡಬಾರದೇಕೆ? ಅದರ ಉತ್ತರವೂ ಇತಿಹಾಸದಲ್ಲಿದೆ. 1991ರ ಫೆಬ್ರವರಿ 25ರಂದು, ಅದೇ ಕೊಲ್ಲಿಯಲ್ಲಿ, ಇರಾಕಿನ ಕ್ಷಿಪಣಿಯು ಬರುತ್ತಿದೆಯೆಂದು ಮಿಸೌರಿ ಎಂಬ ಅಮೆರಿಕದ ಮಹಾನೌಕೆಯು ರಾಡಾರನ್ನು ಮೋಸಗೊಳಿಸುವ ಲೋಹದ ಎಳೆಗಳನ್ನು ಆಕಾಶಕ್ಕೆ ಚೆಲ್ಲಿತು. ಜೊತೆಯಲ್ಲಿದ್ದ ಜ್ಯಾರೆಟ್ ನೌಕೆಯ ಫ್ಯಾಲ್ಯಾಂಕ್ಸ್ ಆ ಎಳೆಗಳನ್ನೇ ಶತ್ರುವೆಂದು ತಿಳಿದು ಗುಂಡುಗಳನ್ನು ಹಾರಿಸಿತು. ಅವುಗಳಲ್ಲಿ ಕೆಲವು ಮಿಸೌರಿಗೇ ತಾಗಿದುವು. ಕ್ಷಿಪಣಿಯನ್ನು ನಿಜವಾಗಿ ಹೊಡೆದುದು ಬ್ರಿಟನ್ನಿನ ಗ್ಲಾಸ್ಟರ್ ನೌಕೆಯ ದೂರಗಾಮಿ ಅಸ್ತ್ರ. 1996ರ ಜೂನ್ 4ರಂದು ಪೆಸಿಫಿಕ್ ಸಾಗರದ ಸಮರಾಭ್ಯಾಸದಲ್ಲಿ ಜಪಾನಿನ ಯೂಗಿರಿ ನೌಕೆಯ ತೋಪು, ಹಿಂದೆ ಎಳೆದುಕೊಂಡು ಬರುತ್ತಿದ್ದ ಗುರಿಯನ್ನು ಬಿಟ್ಟು ಎಳೆಯುತ್ತಿದ್ದ ಅಮೆರಿಕದ ವಿಮಾನವನ್ನೇ ಹೊಡೆದುರುಳಿಸಿತು. ವಿಮಾನದಲ್ಲಿದ್ದ ಇಬ್ಬರೂ ಹೊರಕ್ಕೆ ಹಾರಿ ಬದುಕಿಕೊಂಡರು. ಕೀಲಿಯನ್ನು ತಿರುಗಿಸದಿದ್ದರೆ ಸ್ಟಾರ್ಕ್, ತಿರುಗಿಸಿದರೆ ಯೂಗಿರಿ. ನಳಿಕೆಯ ಗಾತ್ರವನ್ನೂ ಗುಂಡಿನ ತೂಕವನ್ನೂ ಒಂದು ಸಲ ನಿಶ್ಚಯಿಸಿದರೆ ಮುಗಿಯಿತು. ಈ ಒಂದು ಕೊಡು-ಕೊಳ್ಳುವಿಕೆಯನ್ನು ಮಾತ್ರ ಕಾರ್ಖಾನೆಯಲ್ಲಿ ಮುಗಿಸಲಾಗದೆ, ಪ್ರತಿದಿನವೂ ಹಡಗಿನ ಮೇಲಿರುವವನ ಪಾಲಿಗೆ ಬಿಟ್ಟಿದ್ದಾರೆ.

ನಮ್ಮ ಹಳೆಯ ವಿದ್ಯಾರ್ಥಿಯು ಹೇಳಿದುದೂ ಇದನ್ನೇ. ಗುಂಡು ತುಂಬುವ ಶ್ರಮವಾಗಲಿ ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಉಜ್ಜುವ ಬೇಸರವಾಗಲಿ ಅವರ ನೆನಪಿನಲ್ಲಿ ಅಷ್ಟಾಗಿ ಉಳಿದಿಲ್ಲ. ರಾತ್ರಿಯ ಕಾವಲಿನಲ್ಲಿ ಪರದೆಯ ಮೇಲೆ ಒಂದು ಚುಕ್ಕೆ ಮೂಡಿದಾಗ, ಅದು ಮೀನುಗಾರರ ದೋಣಿಯೋ ಮತ್ತೊಂದೋ ಎಂದು ಮೇಲಿನವರು ತೀರ್ಮಾನಿಸುವವರೆಗೆ ತಾವು ಉಸಿರು ಹಿಡಿದು ಕುಳಿತಿದ್ದುದು ಮಾತ್ರ ನಿವೃತ್ತಿಯಾದ ಮೇಲೂ ಕನಸಿನಲ್ಲಿ ಬರುತ್ತದೆಯೆಂದರು. ಒಮ್ಮೆಯೂ ಅವರು ಯುದ್ಧದಲ್ಲಿ ಗುಂಡು ಹಾರಿಸಲಿಲ್ಲ.

ಹಾರಿಸಿದವರ ವೃತ್ತಾಂತವೊಂದು ಇತ್ತೀಚಿನದು. 2024ರ ಜನವರಿ 30ರಂದು ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿಗಳು ಬಿಟ್ಟ ಕ್ಷಿಪಣಿಯೊಂದು ಅಮೆರಿಕದ ಗ್ರೇವ್ಲಿ ನೌಕೆಯ ದೂರದ ರಕ್ಷಣೆಗಳನ್ನೆಲ್ಲ ದಾಟಿ ಸುಮಾರು ಒಂದು ಮೈಲಿಯ ಸಮೀಪಕ್ಕೆ ಬಂದಿತು. ಅಲ್ಲಿ ಅದನ್ನು ಫ್ಯಾಲ್ಯಾಂಕ್ಸ್ ಹೊಡೆಯಿತು. ನೌಕೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಕಾಲ ಮುಗಿಯಿತೆಂದು ಕೆಲವರು ಬದಿಗಿಟ್ಟಿದ್ದ, ಆಗಲೇ ನಾಲ್ಕು ದಶಕಗಳಷ್ಟು ಹಳೆಯದಾಗಿದ್ದ ವಿನ್ಯಾಸವದು. ಕೀಲಿಯನ್ನು ಯಾರೋ ಸರಿಯಾದ ಹೊತ್ತಿಗೆ ತಿರುಗಿಸಿಟ್ಟಿದ್ದರು.